ಅತಿಶೀತದ ವಾಯುಸುರಂಗ

'ಗಾಳಿ ಬಂದಾಗ ತೂರಿಕೋ' ಎಂಬುದು ನಮ್ಮ ಒಕ್ಕಲುಮಕ್ಕಳ ಅನುಭವದ ಮಾತು. ಕಣದಲ್ಲಿ ರಾಶಿ ಬಿದ್ದಿರುವಾಗ ರೈತನು ಗಾಳಿಯ ಹಾದಿ ಕಾಯುತ್ತಾನೆ. ಅದು ಬೀಸಿದೊಡನೆ ಮೊರವನ್ನೆತ್ತಿ ತೂರುತ್ತಾನೆ. ಕಾಳು ಕೆಳಗೆ ಬೀಳುತ್ತದೆ, ಹೊಟ್ಟು ದೂರ ಹಾರುತ್ತದೆ. ಆದರೆ ವಿಮಾನವನ್ನು ಕಟ್ಟುವವನಿಗೆ ಹೀಗೆ ಕಾದು ಕುಳಿತರೆ ಕೆಲಸ ಸಾಗದು. ಅವನು ತನಗೆ ಬೇಕಾದ ವೇಗದ, ಬೇಕಾದ ಒತ್ತಡದ, ಬೇಕಾದ ಉಷ್ಣತೆಯ ಗಾಳಿಯನ್ನು ತಾನೇ ಸೃಷ್ಟಿಸಿಕೊಳ್ಳಬೇಕು. ಹಾಗೆ ಸೃಷ್ಟಿಸಿಕೊಳ್ಳುವ ಮಂದಿರಕ್ಕೆ ವಾಯುಸುರಂಗವೆಂದು ಹೆಸರು. ಅದರಲ್ಲಿಯೂ, ಗಾಳಿಯನ್ನು ಸೊನ್ನೆಗಿಂತ ನೂರೈವತ್ತು ಡಿಗ್ರಿಗೂ ಹೆಚ್ಚು ಕೆಳಗಿಳಿಸಿ ಬೀಸುವ ವಿಚಿತ್ರವಾದ ಸುರಂಗಗಳಿವೆ. ಗಾಳಿಯನ್ನು ಅಷ್ಟು ತಣ್ಣಗೆ ಮಾಡಬೇಕಾದ ಪ್ರಮೇಯವೇನು, ಅದರಿಂದ ಆಗುವ ಲಾಭವೇನು, ತೆರಬೇಕಾದ ಬೆಲೆಯೇನು ಎಂಬುದನ್ನು ಈ ತಿಂಗಳು ವಿಚಾರಿಸೋಣ.

ನಿಂತ ವಿಮಾನ, ಓಡುವ ಗಾಳಿ

ನಿಶ್ಚಲವಾದ ಗಾಳಿಯಲ್ಲಿ ವಿಮಾನವು ಹಾರಿದರೂ ಒಂದೇ, ನಿಂತ ವಿಮಾನದ ಮೇಲೆ ಅದೇ ವೇಗದಿಂದ ಗಾಳಿ ಹಾಯ್ದರೂ ಒಂದೇ. ರೆಕ್ಕೆಯ ಮೇಲೆ ಉಂಟಾಗುವ ಬಲಗಳಲ್ಲಿ ವ್ಯತ್ಯಾಸವಿಲ್ಲ. ಈ ಸರಳ ತತ್ತ್ವವನ್ನಾಧರಿಸಿ ಇಂಗ್ಲೆಂಡಿನ ಫ್ರಾನ್ಸಿಸ್ ವೆನ್‌ಹ್ಯಾಂ ಎಂಬಾತನು 1871ರಲ್ಲಿ ಮೊದಲ ವಾಯುಸುರಂಗವನ್ನು ನಿರ್ಮಿಸಿದನು. ಮೂವತ್ತು ವರ್ಷಗಳ ತರುವಾಯ, 1901ರಲ್ಲಿ, ಅಮೆರಿಕದ ರೈಟ್ ಸಹೋದರರು ಆರು ಅಡಿ ಉದ್ದದ ಮರದ ಪೆಟ್ಟಿಗೆಯೊಂದನ್ನು ಮಾಡಿ, ಅದರೊಳಗೆ ಗಾಳಿಯೂದಿ, ಸುಮಾರು ಇನ್ನೂರು ಬಗೆಯ ಪುಟ್ಟ ರೆಕ್ಕೆಗಳನ್ನು ಪರೀಕ್ಷಿಸಿದರು. 1903ರ ಅವರ ಹಾರಾಟಕ್ಕೆ ಆ ಪೆಟ್ಟಿಗೆಯೇ ಪಾಠಶಾಲೆಯಾಗಿತ್ತು.

ಅಂದಿನಿಂದ ಇಂದಿನವರೆಗೆ ಕ್ರಮವು ಇದೇ. ವಿಮಾನದ ಚಿಕ್ಕ ಪ್ರತಿರೂಪವನ್ನು ಮಾಡುವುದು, ಅದನ್ನು ಸುರಂಗದ ನಡುವೆ ಒಂದು ಕಂಬಿಯ ತುದಿಗೆ ನಿಲ್ಲಿಸುವುದು, ಗಾಳಿ ಬೀಸುವುದು, ಪ್ರತಿರೂಪದ ಮೇಲೆ ಬೀಳುವ ಬಲಗಳನ್ನು ಸೂಕ್ಷ್ಮವಾದ ತಕ್ಕಡಿಯಿಂದ ಅಳೆಯುವುದು. ಅಳೆದ ಲೆಕ್ಕದ ಆಧಾರದ ಮೇಲೆ ನಿಜವಾದ ವಿಮಾನವನ್ನು ಕಟ್ಟುವುದು. ಆ ವಿಮಾನದಲ್ಲಿ ನಾಳೆ ನೂರಾರು ಜನ ಕುಳಿತು ಪಯಣಿಸುವವರು. ಆದ್ದರಿಂದ ಪ್ರತಿರೂಪವು ಹೇಳಿದ ಮಾತು ನಿಜವಿಮಾನಕ್ಕೂ ಸಲ್ಲುತ್ತದೆಯೆ ಎಂಬ ಪ್ರಶ್ನೆ ಕೇವಲ ಪಂಡಿತರ ಚರ್ಚೆಯಲ್ಲ, ಪ್ರಾಣದ ಪ್ರಶ್ನೆ.

ಚಿಕ್ಕದು ಹೇಳುವ ಸುಳ್ಳು

ನೀರಿನಲ್ಲಿ ಈಜುವ ಎಮ್ಮೆಗೂ ಅದೇ ನೀರಿನಲ್ಲಿ ಬಿದ್ದ ಇರುವೆಗೂ ನೀರು ಒಂದೇ ಬಗೆಯಾಗಿ ವರ್ತಿಸುವುದಿಲ್ಲ. ಎಮ್ಮೆ ನೀರನ್ನು ಸೀಳಿಕೊಂಡು ಸಾಗುತ್ತದೆ. ಇರುವೆಗಾದರೋ ಅದೇ ನೀರು ಜೇನಿನಂತೆ ಅಂಟಿಕೊಳ್ಳುತ್ತದೆ. ಗಾಳಿಯ ಸ್ವಭಾವವೂ ಇದೇ. ಅದಕ್ಕೂ ಒಂದು ಅಂಟುಗುಣವಿದೆ. ವಿಜ್ಞಾನದಲ್ಲಿ ಇದನ್ನು ಸ್ನಿಗ್ಧತೆ ಎನ್ನುತ್ತಾರೆ. ವಸ್ತು ಚಿಕ್ಕದಾದಷ್ಟೂ ಈ ಅಂಟಿನ ಕೈ ಮೇಲಾಗುತ್ತದೆ.

ಮ್ಯಾಂಚೆಸ್ಟರಿನ ಪ್ರಾಧ್ಯಾಪಕರಾಗಿದ್ದ ಆಸ್ಬೋರ್ನ್ ರೆನಾಲ್ಡ್ಸ್ ಎಂಬುವರು 1883ರಲ್ಲಿ ಗಾಜಿನ ಕೊಳವೆಯಲ್ಲಿ ನೀರು ಹರಿಸಿ, ಅದರ ನಡುವೆ ಬಣ್ಣದ ಎಳೆಯೊಂದನ್ನು ಬಿಟ್ಟು ನೋಡಿದರು. ನೀರು ಮೆಲ್ಲಗೆ ಹರಿಯುವಾಗ ಬಣ್ಣದ ಎಳೆ ದಾರದಂತೆ ನೇರವಾಗಿತ್ತು. ವೇಗ ಹೆಚ್ಚಿದಾಗ ಅದು ಒಮ್ಮೆಲೇ ಚೂರುಚೂರಾಗಿ ಸುಳಿಗಟ್ಟಿತು. ಹರಿವು ಯಾವ ಬಗೆಯದೆಂಬುದನ್ನು ನಿರ್ಧರಿಸುವುದು ವೇಗವೊಂದೇ ಅಲ್ಲ. ಸಾಂದ್ರತೆ, ವೇಗ, ಗಾತ್ರ ಈ ಮೂರನ್ನು ಗುಣಿಸಿ, ಬಂದದ್ದನ್ನು ಸ್ನಿಗ್ಧತೆಯಿಂದ ಭಾಗಿಸಿದಾಗ ದೊರೆಯುವ ಸಂಖ್ಯೆ ಎಂಬುದು ಇದರಿಂದ ಸ್ಪಷ್ಟವಾಯಿತು. ಅದಕ್ಕೆ ರೆನಾಲ್ಡ್ಸ್ ಸಂಖ್ಯೆಯೆಂದೇ ಹೆಸರು ನಿಂತಿತು. ಇದರ ಜೊತೆಗೆ ಇನ್ನೊಂದು ಸಂಖ್ಯೆಯಿದೆ. ವಿಮಾನದ ವೇಗವನ್ನು ಶಬ್ದದ ವೇಗದಿಂದ ಭಾಗಿಸಿದರೆ ಬರುವುದು ಮ್ಯಾಕ್ ಸಂಖ್ಯೆ. ಪ್ರತಿರೂಪದ ಈ ಎರಡು ಸಂಖ್ಯೆಗಳೂ ನಿಜವಿಮಾನದ ಸಂಖ್ಯೆಗಳಿಗೆ ಸಮನಾಗಿದ್ದರೆ ಮಾತ್ರ ಪ್ರತಿರೂಪದ ಸಾಕ್ಷ್ಯವನ್ನು ಪೂರ್ಣವಾಗಿ ನಂಬಬಹುದು.

ಮ್ಯಾಕ್ ಸಂಖ್ಯೆಯನ್ನು ಸಮಗೊಳಿಸುವುದು ಕಷ್ಟವಲ್ಲ. ಗಾಳಿಯನ್ನು ಬೇಕಾದ ವೇಗದಿಂದ ಬೀಸಿದರಾಯಿತು. ತೊಡಕಿರುವುದು ರೆನಾಲ್ಡ್ಸ್ ಸಂಖ್ಯೆಯಲ್ಲಿ. ದೊಡ್ಡ ಪ್ರಯಾಣಿಕ ವಿಮಾನವೊಂದು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಹಾರುವಾಗ ಅದರ ರೆಕ್ಕೆಯ ರೆನಾಲ್ಡ್ಸ್ ಸಂಖ್ಯೆ ಸುಮಾರು 5 ಕೋಟಿ. ನಲವತ್ತನೆಯ ಒಂದು ಪಾಲಿನ ಅದರ ಪ್ರತಿರೂಪವನ್ನು ಸಾಧಾರಣ ಸುರಂಗದಲ್ಲಿಟ್ಟು, ಮ್ಯಾಕ್ ಸಂಖ್ಯೆಯನ್ನು ಸಮಗೊಳಿಸಿದರೂ ರೆನಾಲ್ಡ್ಸ್ ಸಂಖ್ಯೆ 40 ಲಕ್ಷ ದಾಟುವುದು ಕಷ್ಟ. ಹತ್ತು ಪಟ್ಟಿಗೂ ಮಿಕ್ಕಿದ ಅಂತರವಿದು.

ಅಂತರವಿದ್ದರೆ ಏನಾಗುತ್ತದೆ? ರೆಕ್ಕೆಯ ಮೈಗೆ ಅಂಟಿದ ಗಾಳಿಯ ತೆಳುವಾದ ಪದರವೊಂದಿದೆ, ಇದನ್ನು ಸೀಮಾಪದರವೆನ್ನೋಣ. ರೆನಾಲ್ಡ್ಸ್ ಸಂಖ್ಯೆ ಕಡಿಮೆಯಾದಷ್ಟೂ ರೆಕ್ಕೆಯ ಅಗಲಕ್ಕೆ ಹೋಲಿಸಿದರೆ ಈ ಪದರ ದಪ್ಪವಾಗುತ್ತದೆ. ದಪ್ಪ ಪದರದ ರೆಕ್ಕೆಯೆಂದರೆ ಕಂಬಳಿ ಹೊದ್ದ ಮನುಷ್ಯನಂತೆ. ಹೊರಗಿನ ಗಾಳಿಗೆ ಕಾಣುವ ಆಕಾರವೇ ಬೇರೆ. ಶಬ್ದದ ವೇಗವನ್ನು ಸಮೀಪಿಸಿ ಹಾರುವ ವಿಮಾನದ ರೆಕ್ಕೆಯ ಬೆನ್ನಿನ ಮೇಲೆ ಗಾಳಿಯ ಒತ್ತಡ ಥಟ್ಟನೆ ಏರುವ ಒಂದು ಗೆರೆ ಮೂಡುತ್ತದೆ. ಅದಕ್ಕೆ ಆಘಾತ ತರಂಗವೆಂದು ಹೆಸರು. ಅದು ರೆಕ್ಕೆಯ ಮೇಲೆ ಎಲ್ಲಿ ನಿಲ್ಲುತ್ತದೆಂಬುದನ್ನು ಈ ಸೀಮಾಪದರ ಬಹುಮಟ್ಟಿಗೆ ನಿರ್ಧರಿಸುತ್ತದೆ.

ಅಮೆರಿಕದ ಸಿ-141 ಎಂಬ ಭಾರಿ ಸರಕು ವಿಮಾನ 1963ರ ಡಿಸೆಂಬರಿನಲ್ಲಿ ಮೊದಲು ಹಾರಿತು. ಸುರಂಗದ ಪರೀಕ್ಷೆಯಲ್ಲಿ ಆಘಾತ ತರಂಗ ರೆಕ್ಕೆಯ ಮೇಲೆ ಎಲ್ಲಿ ನಿಲ್ಲುತ್ತದೆಂದು ಕಂಡಿತ್ತೋ, ಹಾರಾಟದಲ್ಲಿ ಅಲ್ಲಿ ನಿಲ್ಲದೆ ಅದಕ್ಕಿಂತ ಹಿಂದಕ್ಕೆ ಸರಿದು ನಿಂತಿತು. ಹೀಗಾಗಿ ರೆಕ್ಕೆಯ ಮೇಲಿನ ಭಾರದ ಹಂಚಿಕೆಯೂ, ಮೂತಿಯನ್ನು ಮೇಲೆ ಕೆಳಗೆ ತಿರುಗಿಸುವ ಬಲವೂ ಲೆಕ್ಕಕ್ಕಿಂತ ಬೇರೆಯಾದವು. ಅಳತೆ ಮಾಡಿದವರು ತಪ್ಪಿರಲಿಲ್ಲ, ತಕ್ಕಡಿ ಕೆಟ್ಟಿರಲಿಲ್ಲ. ಪರೀಕ್ಷೆ ನಡೆದ ಸನ್ನಿವೇಶವೇ ನಿಜದ ಸನ್ನಿವೇಶವಾಗಿರಲಿಲ್ಲ. ವಿಮಾನ ತಜ್ಞರಿಗೆ ಇದೊಂದು ಎಚ್ಚರಿಕೆಯ ಗಂಟೆಯಾಯಿತು.

ಮೂರು ದಾರಿಗಳು

ರೆನಾಲ್ಡ್ಸ್ ಸಂಖ್ಯೆಯನ್ನು ಏರಿಸಲು ಮೊದಲ ದಾರಿ ಗಾತ್ರವನ್ನು ಹೆಚ್ಚಿಸುವುದು, ಅಂದರೆ ಪೂರ್ಣಾಕಾರದ ವಿಮಾನ ಹಿಡಿಸುವಷ್ಟು ದೊಡ್ಡ ಸುರಂಗ ಕಟ್ಟುವುದು. ಶಬ್ದವೇಗದ ಸಮೀಪದಲ್ಲಿ ಅಂಥ ಸುರಂಗವನ್ನು ನಡೆಸಲು ಬೇಕಾಗುವ ವಿದ್ಯುತ್ತನ್ನು ಒದಗಿಸುವುದು ಬಹಳ ಕಷ್ಟ.

ಎರಡನೆಯ ದಾರಿ ಗಾಳಿಯನ್ನು ಒತ್ತಿ ದಟ್ಟಗೊಳಿಸುವುದು. ಮ್ಯಾಕ್ಸ್ ಮುಂಕ್ ಎಂಬ ವಿಜ್ಞಾನಿಯ ಸಲಹೆಯಂತೆ ಅಮೆರಿಕದ ಲ್ಯಾಂಗ್ಲಿಯಲ್ಲಿ 1922ರ ಹೊತ್ತಿಗೆ ಇಪ್ಪತ್ತು ವಾಯುಮಂಡಲದ ಒತ್ತಡವನ್ನು ತಡೆಯುವ ಉಕ್ಕಿನ ಸುರಂಗವೊಂದು ನಿರ್ಮಾಣವಾಯಿತು. ಅಂದಿನ ನಿಧಾನ ವಿಮಾನಗಳಿಗೆ ಅದು ಬಹಳ ಉಪಕಾರ ಮಾಡಿತು. ಆದರೆ ವೇಗ ಹೆಚ್ಚಾದಂತೆ ಇದರ ದೋಷವೂ ಕಾಣತೊಡಗಿತು. ಸಾಧಾರಣ ಒತ್ತಡದಲ್ಲಿ, 0.85 ಮ್ಯಾಕ್ ಸಂಖ್ಯೆಯಲ್ಲಿ ಬೀಸುವ ಗಾಳಿಯ ರಭಸವು ಚದರ ಮೀಟರಿಗೆ ಸುಮಾರು ಐದು ಟನ್ನಿನಷ್ಟಿರುತ್ತದೆ. ರೆನಾಲ್ಡ್ಸ್ ಸಂಖ್ಯೆಯನ್ನು ಹನ್ನೆರಡು ಪಟ್ಟು ಮಾಡಲು ಒತ್ತಡವನ್ನೂ ಹನ್ನೆರಡು ಪಟ್ಟು ಮಾಡಿದರೆ ಈ ರಭಸ ಅರವತ್ತು ಟನ್ನಿಗೇರುತ್ತದೆ. ಪ್ರತಿರೂಪದ ತೆಳುವಾದ ರೆಕ್ಕೆ ಬಾಗಿಹೋಗುತ್ತದೆ. ಬಾಗಿದ ರೆಕ್ಕೆ ಯಾವ ವಿಮಾನದ ಪ್ರತಿರೂಪವೂ ಅಲ್ಲ. ಬೀಸಣಿಗೆಗೆ ಬೇಕಾಗುವ ಶಕ್ತಿಯೂ ಹನ್ನೆರಡು ಪಟ್ಟಾಗುತ್ತದೆ.

ಮೂರನೆಯ ದಾರಿಯೇ ನಮ್ಮ ವಿಷಯ: ಗಾಳಿಯನ್ನು ತಣ್ಣಗೆ ಮಾಡುವುದು.

ತಣ್ಣಗಾದರೆ ತೆಳ್ಳಗಾಗುವ ಗಾಳಿ

ಇಲ್ಲಿ ಓದುಗರು ಒಂದು ಸಂದೇಹವನ್ನೆತ್ತಬಹುದು. ಮಾಗಿಯ ಚಳಿಯಲ್ಲಿ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುತ್ತದೆ, ಹರಳೆಣ್ಣೆ ಮಂದವಾಗುತ್ತದೆ, ಆರಿದ ಬೆಲ್ಲದ ಪಾಕ ಸೌಟಿಗೆ ಅಂಟಿಕೊಳ್ಳುತ್ತದೆ. ತಣ್ಣಗಾದರೆ ಅಂಟು ಹೆಚ್ಚುವುದಲ್ಲವೆ? ದ್ರವಗಳ ಮಟ್ಟಿಗೆ ಈ ಮಾತು ನಿಜ. ಅನಿಲಗಳಲ್ಲಿ ಮಾತ್ರ ನಡವಳಿಕೆ ಇದಕ್ಕೆ ತೀರ ವಿರುದ್ಧ. ದ್ರವದ ಅಣುಗಳು ಒಂದಕ್ಕೊಂದು ಒತ್ತಿ ಕುಳಿತಿರುತ್ತವೆ. ಅಲ್ಲಿ ಅಂಟಿಗೆ ಕಾರಣ ಅವುಗಳ ಪರಸ್ಪರ ಆಕರ್ಷಣೆ. ಅನಿಲದ ಅಣುಗಳಾದರೋ ದೂರದೂರ ಚದರಿ ಓಡಾಡುತ್ತವೆ. ವೇಗವಾಗಿ ಹರಿಯುವ ಪದರದಿಂದ ನಿಧಾನವಾದ ಪದರಕ್ಕೂ, ಅಲ್ಲಿಂದ ಇಲ್ಲಿಗೂ ಅವು ಜಿಗಿಯುತ್ತಿರುವುದರಿಂದ ವೇಗದ ಕೊಡುಕೊಳೆ ನಡೆಯುತ್ತದೆ. ಅದೇ ಅನಿಲದ ಸ್ನಿಗ್ಧತೆ. ತಣ್ಣಗಾದಂತೆ ಅಣುಗಳ ಓಡಾಟ ಮಂದವಾಗುತ್ತದೆ, ಕೊಡುಕೊಳೆ ತಗ್ಗುತ್ತದೆ, ಅನಿಲದ ಅಂಟು ಕಡಿಮೆಯಾಗುತ್ತದೆ.

ಈಗ ಲೆಕ್ಕ ಹಾಕೋಣ. ವಿಜ್ಞಾನಿಗಳು ಉಷ್ಣತೆಯನ್ನು ಸೊನ್ನೆಗಿಂತ 273 ಡಿಗ್ರಿ ಕೆಳಗಿನಿಂದ ಎಣಿಸುತ್ತಾರೆ. ಅದು ಕೆಲ್ವಿನ್ ಮಾನ. ನಮ್ಮ ಮನೆಯ 27 ಡಿಗ್ರಿ ಎಂದರೆ 300 ಕೆಲ್ವಿನ್. ಅನಿಲವನ್ನು 300ರಿಂದ 100 ಕೆಲ್ವಿನ್‌ಗೆ, ಅಂದರೆ ಸೊನ್ನೆಗಿಂತ 173 ಡಿಗ್ರಿ ಕೆಳಕ್ಕೆ ಇಳಿಸಿದೆವೆನ್ನಿ. ಒತ್ತಡ ಹಾಗೆಯೇ ಇದ್ದರೆ ಸಾಂದ್ರತೆ ಮೂರು ಪಟ್ಟಾಗುತ್ತದೆ. ಸಾರಜನಕದ ಸ್ನಿಗ್ಧತೆ 2.6 ಪಟ್ಟು ತಗ್ಗುತ್ತದೆ. ಇವೆರಡೂ ಲಾಭ. ಶಬ್ದದ ವೇಗ ಸೆಕೆಂಡಿಗೆ ಸುಮಾರು 353 ಮೀಟರಿನಿಂದ 202 ಮೀಟರಿಗೆ ಇಳಿಯುವುದರಿಂದ, ಅದೇ ಮ್ಯಾಕ್ ಸಂಖ್ಯೆಗೆ ಬೇಕಾಗುವ ಗಾಳಿಯ ವೇಗವೂ ನೂರಕ್ಕೆ 58ರಷ್ಟಾಗುತ್ತದೆ. ಇದೊಂದು ನಷ್ಟ. ಮೂರನ್ನೂ ಕೂಡಿಸಿ ನೋಡಿದರೆ, ರೆನಾಲ್ಡ್ಸ್ ಸಂಖ್ಯೆ ನಾಲ್ಕೂವರೆ ಪಟ್ಟು ಏರುತ್ತದೆ.

ಇದಕ್ಕಿಂತಲೂ ಸೊಗಸಾದ ಸಂಗತಿ ಇನ್ನೊಂದಿದೆ. ಗಾಳಿಯ ರಭಸವು ಸಾಂದ್ರತೆಯನ್ನೂ ವೇಗದ ವರ್ಗವನ್ನೂ ಅವಲಂಬಿಸಿದೆ. ಸಾಂದ್ರತೆ ಮೂರು ಪಟ್ಟಾಯಿತು. ವೇಗದ ವರ್ಗ ಮೂರನೆಯ ಒಂದಾಯಿತು. ಮೂರರಿಂದ ಗುಣಿಸಿ ಮೂರರಿಂದ ಭಾಗಿಸಿದಂತಾಯಿತು! ರಭಸದಲ್ಲಿ ಏರಿಕೆಯೇ ಇಲ್ಲ. ಪ್ರತಿರೂಪದ ರೆಕ್ಕೆಗೆ ಒಂದು ಗುಲಗಂಜಿಯಷ್ಟೂ ಹೆಚ್ಚಿನ ಭಾರ ಬೀಳಲಿಲ್ಲ. ಬೀಸಣಿಗೆಗೆ ಬೇಕಾದ ಶಕ್ತಿಯಾದರೋ ವೇಗದೊಡನೆ ತಗ್ಗಿ ನೂರಕ್ಕೆ 58 ಆಯಿತು. ಇಷ್ಟಾದ ಮೇಲೆ ಒತ್ತಡವನ್ನು ಮೂರೇ ಪಟ್ಟು ಏರಿಸಿದರೆ ಸಾಕು: 40 ಲಕ್ಷವು ನಾಲ್ಕೂವರೆ ಪಟ್ಟಾಗಿ 1 ಕೋಟಿ 80 ಲಕ್ಷ, ಅದು ಮೂರು ಪಟ್ಟಾಗಿ 5 ಕೋಟಿ 40 ಲಕ್ಷ. ನಿಜವಿಮಾನದ ಸಂಖ್ಯೆ ಕೈಗೆಟುಕಿತು.

ಈ ವಿಚಾರವನ್ನು ಬ್ರಿಟನ್ನಿನ ಆರ್. ಸ್ಮೆಲ್ಟ್ 1945ರಲ್ಲಿಯೇ ಒಂದು ವರದಿಯಲ್ಲಿ ವಿವರಿಸಿದ್ದರು. ಅದು ಕಾರ್ಯರೂಪಕ್ಕೆ ಬರಲು ಕಾಲು ಶತಮಾನ ಕಾಯಬೇಕಾಯಿತು. 1971ರಲ್ಲಿ ಸೌತಾಂಪ್ಟನ್ ವಿಶ್ವವಿದ್ಯಾಲಯದ ಮೈಕೇಲ್ ಗುಡ್‌ಯರ್ ಎಂಬುವರು ಲ್ಯಾಂಗ್ಲಿಯ ಸಂಶೋಧನ ಕೇಂದ್ರದಲ್ಲಿದ್ದಾಗ, ಪ್ರತಿರೂಪವನ್ನು ಕಂಬಿಯಿಲ್ಲದೆ ಅಯಸ್ಕಾಂತದಿಂದ ತೇಲಿಸುವ ಚಿಕ್ಕ ಸುರಂಗವೊಂದಕ್ಕೆ ಹೆಚ್ಚಿನ ರೆನಾಲ್ಡ್ಸ್ ಸಂಖ್ಯೆಯನ್ನು ಹೇಗೆ ಒದಗಿಸುವುದೆಂದು ಯೋಚಿಸುತ್ತ, ಶೀತಲೀಕರಣದ ಈ ಹಳೆಯ ದಾರಿಯನ್ನೇ ಮತ್ತೆ ಹಿಡಿದರು. ರಾಬರ್ಟ್ ಕಿಲ್ಗೋರ್ ಮುಂತಾದವರು ಕೈಜೋಡಿಸಿದರು. 1972ರಲ್ಲಿ ಕಡಿಮೆ ವೇಗದ ಪುಟ್ಟ ಸುರಂಗವೊಂದರಲ್ಲಿ ತತ್ತ್ವವು ಸಿದ್ಧವಾಯಿತು. 1973ರಲ್ಲಿ ಶಬ್ದವೇಗದ ಸಮೀಪ ನಡೆಯುವ, ಮೊಳಕ್ಕಿಂತಲೂ ಕಿರಿದಾದ ಪರೀಕ್ಷಾಭಾಗವಿದ್ದ ಇನ್ನೊಂದು ಸುರಂಗ ಚಾಲನೆಗೊಂಡಿತು.

ಸುರಂಗ ಕಟ್ಟುವ ಬಗೆ

ಅತಿಶೀತ ಸುರಂಗವು ಬಾಲವನ್ನು ಬಾಯಲ್ಲಿ ಕಚ್ಚಿಕೊಂಡ ಹಾವಿನಂತೆ ಸುತ್ತುಗಟ್ಟಿದ ಕೊಳವೆ. ಒಳಗಿನ ಅನಿಲ ಅದರಲ್ಲಿ ಸುತ್ತುತ್ತಲೇ ಇರುತ್ತದೆ. ಅನಿಲವು ಶುದ್ಧ ಸಾರಜನಕ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಭಾಗ ಇದೇ ಆದ್ದರಿಂದ ಅದರ ವರ್ತನೆ ಗಾಳಿಯಂತೆಯೇ. ಅತಿಶೀತದಲ್ಲಿ ಅದು ಆದರ್ಶ ಅನಿಲದ ನಿಯಮವನ್ನು ಸ್ವಲ್ಪ ಮೀರುವುದೆಂಬ ಶಂಕೆಯಿತ್ತು. ಹರಿವಿನ ಮೇಲೆ ಅದರ ಪರಿಣಾಮ ಅತ್ಯಲ್ಪವೆಂದು 1976ರಲ್ಲಿ ಲ್ಯಾಂಗ್ಲಿಯ ಆಡ್‌ಕಾಕ್ ಲೆಕ್ಕಹಾಕಿ ತೋರಿಸಿದರು. ಗಾಳಿಯನ್ನೇ ತಣಿಸಿದರಾಗದೆ ಎಂದರೆ, ಅದರಲ್ಲಿರುವ ಆಮ್ಲಜನಕವು ಸಾರಜನಕಕ್ಕಿಂತ ಮೊದಲೇ ದ್ರವವಾಗುತ್ತದೆ. ದ್ರವ ಆಮ್ಲಜನಕ ಶೇಖರವಾದೆಡೆ ಬೆಂಕಿಯ ಭಯ.

ತಣಿಸುವ ಉಪಾಯ ಸರಳವಾದುದು. ಸೊನ್ನೆಗಿಂತ 196 ಡಿಗ್ರಿ ಕೆಳಗೆ ಕುದಿಯುವ ದ್ರವ ಸಾರಜನಕವನ್ನು ಬೀಸಣಿಗೆಯ ಮುಂದಿನಿಂದ ಸಣ್ಣ ಹನಿಗಳಾಗಿ ಸುರಂಗದೊಳಕ್ಕೆ ಚಿಮುಕಿಸುತ್ತಾರೆ. ಅದು ಆವಿಯಾಗುತ್ತ ಶಾಖವನ್ನು ಹೀರಿಕೊಳ್ಳುತ್ತದೆ. ಹರವಿಯ ಮೈಮೇಲೆ ಜಿನುಗಿದ ನೀರು ಆರಿ ಒಳಗಿನ ನೀರನ್ನು ತಣಿಸುವ ನ್ಯಾಯವೇ ಇದು.

ಆದರೆ ಲೋಹಗಳಿಗೆ ಈ ಚಳಿ ಹಿಡಿಸದು. ಸಾಧಾರಣ ಉಕ್ಕು ಅಷ್ಟು ಚಳಿಯಲ್ಲಿ ತನ್ನ ಜಿಗುಟುತನವನ್ನು ಕಳೆದುಕೊಂಡು, ಗಾಜಿನಂತೆ ಒಂದೇ ಪೆಟ್ಟಿಗೆ ಸೀಳುತ್ತದೆ. ಆದಕಾರಣ ತುಕ್ಕುಹಿಡಿಯದ ವಿಶೇಷ ಉಕ್ಕು, ಅಲ್ಯೂಮಿನಿಯಂ, ನಿಕ್ಕಲ್ ಹೆಚ್ಚಿರುವ ಉಕ್ಕು ಇವನ್ನೇ ಆರಿಸಬೇಕು. ಮತ್ತೆ ಸಂಕೋಚದ ತೊಡಕು. ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸಿ ನೀರೆರೆಯುವುದನ್ನು ನಾವೆಲ್ಲ ನೋಡಿದ್ದೇವೆ. ತಣ್ಣಗಾದ ಪಟ್ಟಿ ಗಾಲಿಯನ್ನು ಬಿಗಿದು ಹಿಡಿಯುತ್ತದೆ. ಕೋಣೆಯ ಉಷ್ಣತೆಯಿಂದ ದ್ರವ ಸಾರಜನಕದ ಉಷ್ಣತೆಗೆ ಇಳಿದಾಗ ತುಕ್ಕುಹಿಡಿಯದ ಉಕ್ಕು ಮೀಟರಿಗೆ ಸುಮಾರು ಮೂರು ಮಿಲಿಮೀಟರ್ ಕುಗ್ಗುತ್ತದೆ. ಐವತ್ತು ಮೀಟರ್ ಉದ್ದದ ಕೊಳವೆಯಾದರೆ ಹದಿನಾಲ್ಕು ಸೆಂಟಿಮೀಟರಿನಷ್ಟು! ಎರಡೂ ತುದಿಯನ್ನು ಗಟ್ಟಿಯಾಗಿ ಹೂತರೆ ಎಲ್ಲಿಯಾದರೂ ಹರಿಯುವುದು ಖಂಡಿತ. ಆದುದರಿಂದ ಒಂದೆಡೆ ಮಾತ್ರ ಬಿಗಿದು, ಉಳಿದ ಕಡೆ ಜಾರಲು ಅವಕಾಶವಿಡುತ್ತಾರೆ. ದೊಡ್ಡ ಸುರಂಗಗಳಲ್ಲಿ ಇನ್ನೂ ಒಂದು ಜಾಣ್ಮೆಯಿದೆ. ಶಾಖನಿರೋಧಕ ಹೊದಿಕೆಯನ್ನು ಕವಚದ ಹೊರಗೆ ಹೊದಿಸದೆ ಒಳಮೈಗೆ ಹೊದಿಸುತ್ತಾರೆ. ಆಗ ಹೊರಗಿನ ಭಾರಿ ಕವಚ ಬೆಚ್ಚಗೇ ಉಳಿಯುತ್ತದೆ. ಅಷ್ಟೊಂದು ಲೋಹವನ್ನು ತಣಿಸಲು ಸಾರಜನಕವನ್ನು ವ್ಯರ್ಥ ಮಾಡಬೇಕಾಗಿಲ್ಲ.

ಪ್ರತಿರೂಪವನ್ನು ಮಾಡುವವನ ಕಷ್ಟ ಅಕ್ಕಸಾಲಿಗನಿಗೂ ಮಿಗಿಲಾದುದು. ರೆನಾಲ್ಡ್ಸ್ ಸಂಖ್ಯೆ ಏರಿದಂತೆ ಸೀಮಾಪದರ ತೆಳ್ಳಗಾಗುವುದಷ್ಟೆ. ಕಂಬಳಿಯ ಕೆಳಗೆ ಅಡಗಿದ್ದ ಗೀರು, ಗುಳಿಗಳೆಲ್ಲ ಈಗ ಗಾಳಿಗೆ ಕಾಣಿಸುತ್ತವೆ. ಹೀಗಾಗಿ ರೆಕ್ಕೆಯ ಮೈಯ ಒರಟುತನ ಮಿಲಿಮೀಟರಿನ ನಾಲ್ಕುಸಾವಿರದ ಒಂದು ಪಾಲಿನ ಆಸುಪಾಸಿನಲ್ಲಿರಬೇಕೆಂದು ಕಟ್ಟಳೆ. ಕನ್ನಡಿಯ ನುಣುಪು ಅದು. ಇಷ್ಟು ನುಣುಪಾದ ಮೈಮೇಲೆ ಹಿಮ ಕುಳಿತರೆ ಎಲ್ಲವೂ ಹಾಳು. ಡಿಸೆಂಬರ್, ಜನವರಿಯ ಬೆಳಗಿನಲ್ಲಿ ಹುಲ್ಲಿನ ಮೇಲೆ ಹರಡುವ ಬಿಳಿಯ ಹಿಮಪುಡಿಯನ್ನು ನೀಲಗಿರಿಯ ಓದುಗರು ಬಲ್ಲರು. ಗಾಳಿಯಲ್ಲಿ ಅಡಗಿದ ತೇವವೇ ಅದು. ಸುರಂಗದೊಳಗೆ ಒಂದಿಷ್ಟು ತೇವ ಉಳಿದಿದ್ದರೂ ಅದು ನೇರವಾಗಿ ಹೋಗಿ ರೆಕ್ಕೆಯ ಮೇಲೆ ಹಿಮವಾಗಿ ಕೂರುತ್ತದೆ. ಅದಕ್ಕಾಗಿ ಮೊದಲು ಒಣ ಸಾರಜನಕದಿಂದ ಸುರಂಗವನ್ನೆಲ್ಲ ಮತ್ತೆ ಮತ್ತೆ ತೊಳೆದು ತೇವವನ್ನು ಹೊರಗಟ್ಟುತ್ತಾರೆ. ಆಮೇಲಷ್ಟೇ ತಣಿಸಲು ತೊಡಗುತ್ತಾರೆ. ಅದೂ ಮೆಲ್ಲಮೆಲ್ಲಗೆ; ಬಿಸಿ ಲೋಟಕ್ಕೆ ತಣ್ಣೀರು ಸುರಿದರೆ ಸೀಳುವಂತೆ ಲೋಹವೂ ಬಿರಿಯಬಾರದಲ್ಲವೆ?

ಮೂರು ಲಗಾಮಿನ ಕುದುರೆ

ಸುರಂಗವನ್ನು ನಡೆಸುವವನ ಕೈಯಲ್ಲಿ ಮೂರು ಲಗಾಮುಗಳಿವೆ. ಬೀಸಣಿಗೆಯ ವೇಗದಿಂದ ಮ್ಯಾಕ್ ಸಂಖ್ಯೆ, ಚಿಮುಕಿಸುವ ದ್ರವದ ಪ್ರಮಾಣದಿಂದ ಉಷ್ಣತೆ, ಹೊರಬಿಡುವ ಅನಿಲದ ಪ್ರಮಾಣದಿಂದ ಒತ್ತಡ ಹತೋಟಿಗೆ ಬರುತ್ತವೆ. ಕೇಳಲು ಸುಲಭ; ಹಿಡಿಯಲು ಕಷ್ಟ. ಬೀಸಣಿಗೆಯನ್ನು ಜೋರಾಗಿ ತಿರುಗಿಸಿದರೆ ಅನಿಲ ಕಾಯುತ್ತದೆ. ಕಾವನ್ನಿಳಿಸಲು ದ್ರವವನ್ನು ಹೆಚ್ಚು ಚಿಮುಕಿಸಿದರೆ, ಅದು ಆವಿಯಾಗಿ ಒತ್ತಡವನ್ನು ಏರಿಸುತ್ತದೆ. ಒತ್ತಡವನ್ನಿಳಿಸಲು ಕವಾಟವನ್ನು ತೆರೆದರೆ ಮಿಕ್ಕ ಎರಡೂ ಅಲುಗುತ್ತವೆ. ಒಂದನ್ನೆಳೆದರೆ ಮೂರೂ ಜಗ್ಗುವ ಈ ಸಂಬಂಧವನ್ನು ಗಣಿತದ ಸಮೀಕರಣಗಳಲ್ಲಿ ಬಿಡಿಸಿ, ಲ್ಯಾಂಗ್ಲಿಯ ಚಿಕ್ಕ ಸುರಂಗದೊಡನೆ ತಾಳೆನೋಡಿದ ವರದಿಯೊಂದು 1980ರಲ್ಲಿ ಹೊರಬಂದಿತು. ಅದನ್ನು ಬರೆದವರು ಎಸ್. ಬಾಲಕೃಷ್ಣ. ಮುಂದೆ ಈ ಹಿಡಿತವನ್ನು ಗಣಕಯಂತ್ರಕ್ಕೆ ವಹಿಸಲು ಇಂಥ ಅಧ್ಯಯನಗಳೇ ತಳಹದಿಯಾದವು.

ಈ ಕಷ್ಟಕ್ಕೆ ದೊರೆತ ಪ್ರತಿಫಲವೂ ದೊಡ್ಡದು. ಉಷ್ಣತೆ, ಒತ್ತಡ ಎರಡನ್ನೂ ಬೇರೆಬೇರೆಯಾಗಿ ಬದಲಿಸಬಹುದಾದ್ದರಿಂದ, ರೆಕ್ಕೆ ಬಾಗಿದ್ದರಿಂದ ಆದ ಪರಿಣಾಮ ಯಾವುದು, ರೆನಾಲ್ಡ್ಸ್ ಸಂಖ್ಯೆ ಏರಿದ್ದರಿಂದ ಆದ ಪರಿಣಾಮ ಯಾವುದು ಎಂದು ಬಿಡಿಸಿ ನೋಡಬಹುದು. ಹಳೆಯ ಸುರಂಗಗಳಲ್ಲಿ ಇವೆರಡೂ ಹಾಲುನೀರಿನಂತೆ ಬೆರೆತುಹೋಗುತ್ತಿದ್ದವು.

ಖರ್ಚಿನ ಮಾತನ್ನೂ ಮುಚ್ಚಿಡಬಾರದು. ಬೀಸಣಿಗೆ 50 ಮೆಗಾವಾಟ್ ಶಕ್ತಿಯಿಂದ ತಿರುಗಿದರೆ ಆ ಶಕ್ತಿಯೆಲ್ಲ ಕಡೆಗೆ ಶಾಖವಾಗಿ ಅನಿಲದಲ್ಲಿ ಸೇರುತ್ತದೆ. ಒಂದು ಕಿಲೋಗ್ರಾಂ ದ್ರವ ಸಾರಜನಕ ಆವಿಯಾಗುವಾಗ ಸುಮಾರು 200 ಕಿಲೋಜೌಲ್, ಆವಿಯಾದ ಮೇಲೆ ಇನ್ನೂ ಸ್ವಲ್ಪ ಶಾಖವನ್ನು ಹೀರುತ್ತದೆ. ಭಾಗಿಸಿ ನೋಡಿದರೆ ಸೆಕೆಂಡಿಗೆ 200 ಕಿಲೋಗ್ರಾಮಿಗೂ ಮಿಕ್ಕಿ ದ್ರವ ಬೇಕು. ಕಣ್ಣುಮಿಟುಕಿಸುವಷ್ಟರಲ್ಲಿ ಒಂದು ದೊಡ್ಡ ಪೀಪಾಯಿ ಖಾಲಿ. ಪೂರ್ಣ ಶಕ್ತಿಯಲ್ಲಿ ಹತ್ತು ನಿಮಿಷ ನಡೆಸಿದರೆ 120 ಟನ್ನಿಗೂ ಹೆಚ್ಚು, ಅಂದರೆ ಹತ್ತು ಟನ್ನಿನ ಹನ್ನೆರಡು ಲಾರಿಗಳ ಹೊರೆ. ಒಂದು ಕಿಲೋಗ್ರಾಂ ದ್ರವ ಸಾರಜನಕ ತಯಾರಿಸಲು ಸುಮಾರು ಅರ್ಧ ಯೂನಿಟ್ ವಿದ್ಯುತ್ ತಗಲುತ್ತದೆ. ಆ ಲೆಕ್ಕದಲ್ಲಿ ಬೀಸಣಿಗೆ ಆ ಹತ್ತು ನಿಮಿಷಕ್ಕೆ ಎಂಟುಸಾವಿರ ಚಿಲ್ಲರೆ ಯೂನಿಟ್ ತಿಂದರೆ, ಸಾರಜನಕದ ಬಾಬತ್ತು ಅರವತ್ತು ಸಾವಿರ ಯೂನಿಟ್! ಬೀಸಣಿಗೆಯಲ್ಲಿ ಉಳಿಸಿದ್ದನ್ನು ಸಾರಜನಕದಲ್ಲಿ ಹಲವು ಪಟ್ಟಾಗಿ ತೆರಬೇಕು. ಆದುದರಿಂದ ಇಲ್ಲಿ ಕ್ಷಣಕ್ಷಣಕ್ಕೂ ಲೆಕ್ಕ. ಏನನ್ನು ಅಳೆಯಬೇಕೆಂದು ಮೊದಲೇ ನಿಶ್ಚಯಿಸಿ, ಎಲ್ಲವನ್ನೂ ಅಣಿಗೊಳಿಸಿಕೊಂಡು, ಗಾಳಿ ಎದ್ದೊಡನೆ ಅಳೆದು ಮುಗಿಸಬೇಕು.

ವಾಸನೆಯಿಲ್ಲದ ಅಪಾಯ

ಸಾರಜನಕ ವಿಷವಲ್ಲ, ಪ್ರತಿ ಉಸಿರಿನಲ್ಲಿಯೂ ನಾವದನ್ನು ಸೇವಿಸುತ್ತೇವೆ. ಅದು ಕೊಲ್ಲುವುದು ಆಮ್ಲಜನಕದ ಸ್ಥಾನವನ್ನು ಆಕ್ರಮಿಸುವ ಮೂಲಕ. ಒಂದು ಲೀಟರ್ ದ್ರವ ಆವಿಯಾದರೆ ಸುಮಾರು 700 ಲೀಟರ್ ಅನಿಲವಾಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರುಗಟ್ಟುತ್ತಿದೆಯೆಂಬ ಸಂಕಟ ನಮಗುಂಟಾಗುವುದು ದೇಹದಲ್ಲಿ ಇಂಗಾಲದ ಡೈಆಕ್ಸೈಡು ಹೆಚ್ಚಿದಾಗಲೇ ಹೊರತು ಆಮ್ಲಜನಕ ಕಡಿಮೆಯಾದಾಗಲ್ಲ. ಶುದ್ಧ ಸಾರಜನಕದಲ್ಲಿ ಉಸಿರಾಡುವವನು ಡೈಆಕ್ಸೈಡನ್ನು ಹೊರಹಾಕುತ್ತಲೇ ಇರುತ್ತಾನೆ. ಹೀಗಾಗಿ ಯಾವ ಮುನ್ಸೂಚನೆಯೂ ಇಲ್ಲದೆ, ಕೆಲವೇ ಉಸಿರುಗಳಲ್ಲಿ ಎಚ್ಚರ ತಪ್ಪಿ ಬೀಳುತ್ತಾನೆ.

1981ರ ಮಾರ್ಚ್ 19ರಂದು ಅಮೆರಿಕದ ಉಡ್ಡಯನ ಕೇಂದ್ರದಲ್ಲಿ, ಕೊಲಂಬಿಯಾ ಆಕಾಶನೌಕೆಯ ಹಿಂಭಾಗದ ಕೋಣೆಯಲ್ಲಿ ಬೆಂಕಿಯ ಭಯಕ್ಕಾಗಿ ಸಾರಜನಕ ತುಂಬಿತ್ತು. ಅದನ್ನರಿಯದೆ ಒಳಹೊಕ್ಕ ಕೆಲಸಗಾರರು ಕುಸಿದುಬಿದ್ದರು. ಒಬ್ಬರು ಅಂದೇ ತೀರಿಕೊಂಡರು. ಇನ್ನೊಬ್ಬರು ಕೆಲವು ದಿನಗಳಲ್ಲಿ. ಅತಿಶೀತ ಸುರಂಗಗಳ ಕಟ್ಟಡಗಳಲ್ಲಿ ಆಮ್ಲಜನಕದ ಪ್ರಮಾಣವನ್ನು ಸದಾ ಅಳೆಯುವ ಉಪಕರಣಗಳಿರುವುದೂ, ಪ್ರಮಾಣ ತುಸು ತಗ್ಗಿದರೂ ಗಂಟೆ ಬಾರಿಸುವುದೂ, ಸುರಂಗದೊಳಕ್ಕೆ ಒಬ್ಬಂಟಿಯಾಗಿ ಯಾರನ್ನೂ ಬಿಡದಿರುವುದೂ ಇದೇ ಕಾರಣಕ್ಕಾಗಿ. ಹೊರಬಿಡುವ ತಣ್ಣನೆಯ ಅನಿಲ ಗಾಳಿಗಿಂತ ಭಾರವಾದ್ದರಿಂದ ನೆಲದ ಮೇಲೆ ಮಂಜಾಗಿ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಅದಕ್ಕಾಗಿ ಅದನ್ನು ಎತ್ತರದ ಚಿಮಣಿಯಿಂದ, ಗಾಳಿಯೊಡನೆ ಬೆರೆಸಿ ಹೊರಬಿಡುತ್ತಾರೆ.

ಈ ಪಾಠ ದೂರದ ದೇಶದ್ದೆಂದು ತಿಳಿಯಬೇಡಿ. ಸೋಲಾಪುರ, ಜತ್ತ, ಅಕ್ಕಲಕೋಟೆಯ ಕಡೆಯ ಹಿರಿಯರಿಗೆ ಹಗೇವಿನ ಪರಿಚಯವಿದೆ. ಜೋಳ ತುಂಬಿ ಮುಚ್ಚಿಟ್ಟ ಹಗೇವನ್ನು ತೆರೆದೊಡನೆ ಅವರು ಒಳಗಿಳಿಯುತ್ತಿರಲಿಲ್ಲ. ಬಾಯಿ ತೆರೆದು ಗಾಳಿಯಾಡಲು ಬಿಡುತ್ತಿದ್ದರು. ಅಲ್ಲಿ ಕಾಳು ಉಸಿರಾಡಿ ಆಮ್ಲಜನಕವನ್ನು ತಿಂದು ಇಂಗಾಲದ ಡೈಆಕ್ಸೈಡನ್ನು ತುಂಬಿರುತ್ತದೆ. ಅನಿಲದ ಹೆಸರು ಬೇರೆಯಾದರೂ ಕೊರತೆ ಒಂದೇ, ಆಮ್ಲಜನಕದ್ದು. ಹಾಳುಬಾವಿಗಳಲ್ಲಿಯೂ, ಮಲಗುಂಡಿಗಳಲ್ಲಿಯೂ ಇದೇ ಭಯ. ಒಳಗೆ ಬಿದ್ದ ಒಬ್ಬನನ್ನು ಎತ್ತಲೆಂದು ಅಣ್ಣನೂ, ಅಣ್ಣನನ್ನು ಎತ್ತಲೆಂದು ನೆರೆಯವನೂ ಇಳಿದು ಎಲ್ಲರೂ ಉಳಿಯದೆ ಹೋಗುವುದುಂಟು. ಮನೆಯ ಮಕ್ಕಳಿಗೆ ಈ ಒಂದು ಮಾತನ್ನು ದಯವಿಟ್ಟು ತಿಳಿಸಿ ಹೇಳಿ: ಗಾಳಿಯಾಡದ ಗುಂಡಿಯಲ್ಲಿ ಯಾರಾದರೂ ಬಿದ್ದರೆ ಹಿಂದೆಯೇ ಇಳಿಯಬಾರದು, ಹೊರಗಿನಿಂದ ಗಾಳಿ ಹಾಯಿಸಬೇಕು, ತಿಳಿದವರನ್ನು ಕೂಗಿ ಕರೆಯಬೇಕು.

ಎರಡು ಮಹಾ ಸುರಂಗಗಳು

ಲ್ಯಾಂಗ್ಲಿಯ ಪುಟ್ಟ ಸುರಂಗದ ಯಶಸ್ಸಿನಿಂದ ಎರಡು ದೊಡ್ಡ ಸುರಂಗಗಳು ಹುಟ್ಟಿದವು. ಅಮೆರಿಕದವರು ಲ್ಯಾಂಗ್ಲಿಯಲ್ಲಿಯೇ ಎರಡೂವರೆ ಮೀಟರ್ ಚೌಕದ ಪರೀಕ್ಷಾಭಾಗವುಳ್ಳ ಸುರಂಗವನ್ನು 1982ರಲ್ಲಿ ಕಟ್ಟಿ ಮುಗಿಸಿದರು. ಒಂಬತ್ತು ವಾಯುಮಂಡಲದವರೆಗಿನ ಒತ್ತಡ, ಒಂದು ಲಕ್ಷ ಅಶ್ವಶಕ್ತಿಗೂ ಮಿಕ್ಕಿದ ಬೀಸಣಿಗೆ. ರೆನಾಲ್ಡ್ಸ್ ಸಂಖ್ಯೆ 12 ಕೋಟಿಯವರೆಗೆ.

ಯೂರೋಪಿನಲ್ಲಿ ಯಾವೊಂದು ದೇಶಕ್ಕೂ ಇಂಥ ವೆಚ್ಚವನ್ನು ಒಂಟಿಯಾಗಿ ಹೊರುವುದು ಸುಲಭವಾಗಿರಲಿಲ್ಲ. ಜರ್ಮನಿ, ಫ್ರಾನ್ಸ್, ಬ್ರಿಟನ್, ನೆದರ್ಲೆಂಡ್ಸ್ ಈ ನಾಲ್ಕು ದೇಶಗಳು ಸೇರಿ ಜರ್ಮನಿಯ ಕಲೋನ್ ನಗರದಲ್ಲಿ ಒಂದೇ ಸುರಂಗವನ್ನು ಕಟ್ಟಿದವು. 1993ರಲ್ಲಿ ಅದರ ಉದ್ಘಾಟನೆಯಾಯಿತು. ಪರೀಕ್ಷಾಭಾಗ 2.4 ಮೀಟರ್ ಅಗಲ, 2 ಮೀಟರ್ ಎತ್ತರ; ನಾಲ್ಕೂವರೆ ವಾಯುಮಂಡಲದಷ್ಟು ಒತ್ತಡ; 110 ಕೆಲ್ವಿನ್‌ವರೆಗಿನ ಚಳಿ; 50 ಮೆಗಾವಾಟ್ ಬೀಸಣಿಗೆ. ಇಡೀ ವಿಮಾನದ ಪ್ರತಿರೂಪಕ್ಕೆ 5 ಕೋಟಿ, ಅರ್ಧ ವಿಮಾನದ ದೊಡ್ಡ ಪ್ರತಿರೂಪಕ್ಕೆ 9 ಕೋಟಿ ರೆನಾಲ್ಡ್ಸ್ ಸಂಖ್ಯೆ ಇಲ್ಲಿ ಸಾಧ್ಯ. ಏರ್‌ಬಸ್ ಸಂಸ್ಥೆಯ ಎ-380ರಂಥ ಮಹಾವಿಮಾನಗಳ ರೆಕ್ಕೆಗಳು ಈ ಚಳಿಯಲ್ಲಿ ಪರೀಕ್ಷೆಗೊಳಗಾದವು. ಮಹಾಯುದ್ಧದಲ್ಲಿ ಪರಸ್ಪರ ಕಾದಾಡಿದ ನೆರೆಹೊರೆಯ ದೇಶಗಳು, ಭಾಷೆ ಬೇರೆ ಬೇರೆಯಾದರೂ, ಒಂದು ಬೀಸಣಿಗೆಯ ಖರ್ಚನ್ನು ಹಂಚಿಕೊಂಡದ್ದು ನಮ್ಮಂಥ ಗಡಿಯ ಜನ ಮೆಚ್ಚತಕ್ಕ ಸಂಗತಿ.

ನಮ್ಮ ದೇಶದಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು 1967ರಲ್ಲಿ 1.2 ಮೀಟರ್ ಚೌಕದ ವಾಯುಸುರಂಗವನ್ನು ಚಾಲನೆಗೊಳಿಸಿತು. ಅದು ಒತ್ತಡದ ದಾರಿಯನ್ನು ಹಿಡಿದದ್ದು. ತೊಟ್ಟಿಗಳಲ್ಲಿ ಒತ್ತಿ ತುಂಬಿದ ಗಾಳಿಯನ್ನು ಒಮ್ಮೆಲೇ ಬಿಟ್ಟು, ಅದು ಖಾಲಿಯಾಗುವ ಸ್ವಲ್ಪ ಹೊತ್ತಿನಲ್ಲಿ ಅಳತೆ ಮುಗಿಸುವ ಕ್ರಮ. ಅಪಾರ ವಿದ್ಯುತ್ತನ್ನು ಒಮ್ಮೆಗೇ ಬೇಡದೆ, ಹನಿಹನಿಯಾಗಿ ಕೂಡಿಟ್ಟು ಒಂದೇ ಸಲ ಖರ್ಚುಮಾಡುವ ಈ ಉಪಾಯ ಬಡದೇಶಕ್ಕೆ ಒಪ್ಪುವಂಥದು. ನಮ್ಮ ವಿಮಾನಗಳೂ ರಾಕೆಟ್ಟುಗಳೂ ಪರೀಕ್ಷೆಗೊಳಗಾದದ್ದು ಇಂಥ ಮಂದಿರದಲ್ಲಿಯೇ.

ಮನೆಯಲ್ಲಿ ಮಾಡಿ ನೋಡಿ

ಕಿಟಕಿ ಬಾಗಿಲು ಮುಚ್ಚಿ, ಬೀಸಣಿಗೆ ನಿಲ್ಲಿಸಿ, ಒಂದು ಊದುಬತ್ತಿಯನ್ನು ಹಚ್ಚಿಡಿ. ಹೊಗೆ ಗೇಣುದ್ದ ದಾರದಂತೆ ನೇರವಾಗಿ ಏರುತ್ತದೆ. ಮುಂದೆ ಒಮ್ಮೆಲೇ ಬಳುಕಿ, ಸುಳಿಗಟ್ಟಿ ಚದರುತ್ತದೆ. ಮೇಲೇರುತ್ತ ಹೊಗೆಯ ವೇಗವೂ ಅಗಲವೂ ಹೆಚ್ಚಿ, ರೆನಾಲ್ಡ್ಸ್ ಸಂಖ್ಯೆ ಮಿತಿಮೀರಿದ ತಾಣವದು. ಒಂದು ಪೈಸೆಯ ಖರ್ಚಿಲ್ಲದೆ ನಿಮ್ಮ ದೇವರ ಕೋಣೆಯಲ್ಲಿಯೇ 1883ರ ಆ ಪ್ರಯೋಗದ ತಮ್ಮನನ್ನು ಕಂಡಂತಾಯಿತು. ಮಕ್ಕಳು ಆ ತಿರುವು ಎಷ್ಟು ಎತ್ತರದಲ್ಲಿ ಕಾಣುತ್ತದೆಂದು ಅಳತೆಪಟ್ಟಿಯಿಂದ ಅಳೆಯಲಿ. ಯಾರಾದರೂ ಹತ್ತಿರ ನಡೆದುಹೋದಾಗ ಅದು ಎಷ್ಟು ಕೆಳಗಿಳಿಯುತ್ತದೆಂಬುದನ್ನೂ ಬರೆದಿಡಲಿ.

ಶಾಲೆಯಲ್ಲಿ ಪ್ರಶ್ನೆಪತ್ರಿಕೆ ಹಗುರವಾಗಿದ್ದರೆ ಅಂಕಗಳೇನೋ ಧಾರಾಳವಾಗಿ ಬರುತ್ತವೆ. ಆದರೆ ಹಗುರವಾದ ಪರೀಕ್ಷೆಯಲ್ಲಿ ತೇರ್ಗಡೆಯಾದ ರೆಕ್ಕೆಯನ್ನು ನಂಬಿ ನೂರಾರು ಜನರನ್ನು ಆಕಾಶಕ್ಕೆ ಕಳುಹಿಸಲಾಗದು. ಚಿಕ್ಕದನ್ನು ಪರೀಕ್ಷಿಸುವಾಗ ದೊಡ್ಡದರ ಸನ್ನಿವೇಶವನ್ನೇ ಅದರ ಸುತ್ತ ಕಟ್ಟಿಕೊಡಬೇಕೆಂಬ ಪ್ರಾಮಾಣಿಕತೆಗಾಗಿ ಇಷ್ಟೆಲ್ಲ ಚಳಿ, ಇಷ್ಟೆಲ್ಲ ಖರ್ಚು.

ಗಾಳಿಯಿಂದ ಸಾರಜನಕವನ್ನು ಬೇರ್ಪಡಿಸಿ ದ್ರವವಾಗಿಸುವ ಬಗೆಯನ್ನು ಮುಂದಿನ ತಿಂಗಳು ನೋಡೋಣ.